ಔಟ್‌ಲುಕ್ ತೆರೆಯುತ್ತಿಲ್ಲ, ಪಿಎಸ್‌ಟಿ ಫೈಲ್ ಕೆಟ್ಟಿದೆ: ಅನುಭವ ಇದ್ದವರು ಹೇಳಿ

ಪ್ರಶ್ನೆ: ನಮ್ಮದು ಸಣ್ಣ ಆಡಿಟರ್ ಆಫೀಸು. ಮೇಲ್‌ಗೆ ಔಟ್‌ಲುಕ್ ಬಳಸುತ್ತೇವೆ. ಒಂಬತ್ತು ವರ್ಷದ ಮೇಲ್ ಎಲ್ಲಾ ಒಂದೇ ಪಿಎಸ್‌ಟಿ ಫೈಲಿನಲ್ಲಿದೆ (ಔಟ್‌ಲುಕ್ ಮೇಲ್ ಕೂಡಿಡುವ ಫೈಲ್), 17 ಜಿಬಿ. ನಿನ್ನೆ ಕೆಲಸದ ಮಧ್ಯೆ ಕರೆಂಟ್ ಹೋಯಿತು. ಆಮೇಲಿಂದ ಔಟ್‌ಲುಕ್ ಫೈಲಿನಲ್ಲಿ ದೋಷವಿದೆ ಅನ್ನುತ್ತಿದೆ. ಏನು ಮಾಡಲಿ?

ಮೊದಲ ಉತ್ತರ: ಸರ್, ರಿಪೇರಿಗೆ ಕೈ ಹಾಕುವ ಮುಂಚೆ ಆ ಫೈಲನ್ನು ಇನ್ನೊಂದು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಹಳೇ ಪೆನ್ ಡ್ರೈವ್ ಆಗುವುದಿಲ್ಲ. ಅದು ಫ್ಯಾಟ್32 ಅನ್ನುವ ಹಳೇ ರೀತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಫೈಲ್ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೇಲ್ ತೆರೆದು ಡೇಟಾ ಫೈಲ್ಸ್ ನೋಡಿ. ಇದಕ್ಕೆ ಔಟ್‌ಲುಕ್ ತೆರೆಯಬೇಕಾಗಿಲ್ಲ.

ಕಾಪಿ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಡಿಸ್ಕಿನಲ್ಲಿ ಜಾಗ ಇಲ್ಲ ಅಂತ ನಾನೊಮ್ಮೆ ರಿಪೇರಿ ಟೂಲಿನಲ್ಲಿ ಬ್ಯಾಕಪ್ ಟಿಕ್ ತೆಗೆದು ರಿಪೇರಿ ಒತ್ತಿಬಿಟ್ಟೆ. ಸರಿಮಾಡಲು ಆಗದ ಮೇಲ್‌ಗಳನ್ನು ರಿಪೇರಿ ಟೂಲ್ ಬಿಟ್ಟೇಬಿಡುತ್ತದೆ. ಕಳಿಸಿದ ಒಂದೂವರೆ ವರ್ಷದ ಮೇಲ್ ಹೋಯಿತು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಟೂಲಿನ ಹೆಸರು ಸ್ಕ್ಯಾನ್‌ಪಿಎಸ್‌ಟಿ. ಔಟ್‌ಲುಕ್ ಜೊತೆಗೇ ಬಂದಿರುತ್ತದೆ, ಆಫೀಸ್ ಇನ್‌ಸ್ಟಾಲ್ ಆದ ಫೋಲ್ಡರಿನಲ್ಲಿ ಹುಡುಕಿ. ಔಟ್‌ಲುಕ್ ಪೂರ್ತಿ ಮುಚ್ಚಿರಬೇಕು, ಟಾಸ್ಕ್ ಮ್ಯಾನೇಜರಿನಲ್ಲೂ ಇರಬಾರದು. ಒಂದು ಸಲ ಓಡಿಸಿ ನಿಲ್ಲಿಸಬೇಡಿ. ದೋಷ ಇಲ್ಲ ಅನ್ನುವವರೆಗೂ ಮತ್ತೆ ಮತ್ತೆ ಓಡಿಸಿ. ಇಷ್ಟು ದೊಡ್ಡ ಫೈಲಿಗೆ ಗಂಟೆಗಟ್ಟಲೆ ಹಿಡಿಯಬಹುದು, ಆದ್ದರಿಂದ ಯುಪಿಎಸ್ ಇರುವ ಕಂಪ್ಯೂಟರಿನಲ್ಲೇ ಮಾಡಿ.

ಇನ್ನೊಬ್ಬರು: ಒಂದು ಮಾತು ಸೇರಿಸುತ್ತೇನೆ. ಫೈಲಿನ ಹೆಸರಿನ ಕೊನೆಯಲ್ಲಿ ಪಿಎಸ್‌ಟಿ ಬದಲು ಓಎಸ್‌ಟಿ ಇದ್ದರೆ ಅದು ಸರ್ವರಿನಲ್ಲಿರುವ ಮೇಲ್‌ನ ನಕಲು. ಸರ್ವರಿನಲ್ಲಿ ಮೇಲ್ ಎಲ್ಲಾ ಇದೆಯಾ ಅಂತ ವೆಬ್‌ನಲ್ಲಿ ನೋಡಿಕೊಂಡು, ಹಳೇ ಫೈಲಿನ ಹೆಸರು ಬದಲಿಸಿದರೆ ಔಟ್‌ಲುಕ್ ಹೊಸದನ್ನು ಕಟ್ಟಿಕೊಳ್ಳುತ್ತದೆ. ನಿಮ್ಮದು ಪಿಎಸ್‌ಟಿ, ಹಾಗೆ ಮಾಡಲು ಹೋಗಬೇಡಿ.

ಮುಂದಕ್ಕೆ ವರ್ಷಕ್ಕೊಂದು ಪಿಎಸ್‌ಟಿ ಮಾಡಿ. ಹೊಸ ಔಟ್‌ಲುಕ್‌ಗಳಲ್ಲಿ 50 ಜಿಬಿವರೆಗೂ ಬಿಡುತ್ತದೆ ನಿಜ, ಆದರೆ ಒಂದೇ ಫೈಲ್ ಕೆಟ್ಟರೆ ಎಲ್ಲಾ ಒಟ್ಟಿಗೆ ಕೈಕೊಡುತ್ತದೆ ಅಲ್ವಾ? ಸುಮ್ನೆ ಮೇಲ್ ಅಳಿಸಿದರೆ ಫೈಲ್ ಕೂಡಲೇ ಚಿಕ್ಕದಾಗುವುದಿಲ್ಲ, ಕಾಂಪ್ಯಾಕ್ಟ್ ಮಾಡಬೇಕು (ಅಳಿಸಿದ ಮೇಲ್‌ನ ಖಾಲಿ ಜಾಗ ತೆಗೆಸುವುದು). ಪಿಎಸ್‌ಟಿಯನ್ನು ನೆಟ್‌ವರ್ಕ್ ಡ್ರೈವಿನಲ್ಲಿಟ್ಟು ತೆರೆಯಬೇಡಿ.

ಮತ್ತೊಬ್ಬರು: ನಾನು ಬಳಸುವುದು ಥಂಡರ್‌ಬರ್ಡ್ ಅನ್ನುವ ಬೇರೆ ಮೇಲ್ ಪ್ರೋಗ್ರಾಂ. ಅದರಲ್ಲಿ ಪಟ್ಟಿಯಲ್ಲಿ ಮೇಲ್ ಕಾಣದೇ ಹೋದರೆ ಹೆಚ್ಚಾಗಿ ಕೆಟ್ಟಿರುವುದು ಎಂಎಸ್‌ಎಫ್ ಅನ್ನುವ ಸೂಚಿ ಫೈಲ್ ಮಾತ್ರ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ರಿಪೇರ್ ಫೋಲ್ಡರ್ ಒತ್ತಿ. ಡಿಸ್ಕಿನಲ್ಲಿ ಆ ಸೂಚಿ ಫೈಲಿನ ಪಕ್ಕದಲ್ಲಿ ಅದೇ ಹೆಸರಿನ, ಕೊನೆಯಲ್ಲಿ ಎಂಎಸ್‌ಎಫ್ ಅನ್ನುವ ಬಾಲವಿಲ್ಲದ ಫೈಲ್ ಇರುತ್ತದೆ. ಮೇಲ್ ಇರುವುದು ಅದರಲ್ಲೇ. ಅದನ್ನು ಮುಟ್ಟಬೇಡಿ.

ಪ್ರಶ್ನೆ ಕೇಳಿದವರು: ಕಾಪಿ ಮಾಡಿಕೊಂಡು ಓಡಿಸಿದೆ. ನಾಲ್ಕನೇ ಸಲಕ್ಕೆ ದೋಷ ಇಲ್ಲ ಅಂದಿತು, ಔಟ್‌ಲುಕ್ ತೆರೆಯಿತು. ಲಾಸ್ಟ್ ಅಂಡ್ ಫೌಂಡ್ ಅನ್ನುವ ಫೋಲ್ಡರಿನಲ್ಲಿ ಇನ್ನೂರಕ್ಕೂ ಜಾಸ್ತಿ ಮೇಲ್ ಬಿದ್ದಿವೆ. ಒಂದೊಂದಾಗಿ ಆಯಾ ಪಾರ್ಟಿಯ ಫೋಲ್ಡರಿಗೆ ಸೇರಿಸುತ್ತಾ ಕೂತಿದ್ದೇನೆ.