ಮಗನನ್ನ ಸ್ಕೂಲ್ ಬಿಡಿಸಿ ಮನೇಲೇ ಓದಿಸೋಣ ಅಂತಿದ್ದೀವಿ, ಅನುಭವ ಇರೋರು ಹೇಳಿ

ಮಗನಿಗೆ ಎಂಟು ವರ್ಷ, ಮೂರನೇ ಕ್ಲಾಸು. ವ್ಯಾನ್ ಹಾರ್ನ್ ಕೇಳಿದ್ರೆ ಸಾಕು, ಹೊಟ್ಟೆನೋವು ಅಂತಾನೆ. ಭಾನುವಾರ ಮಾತ್ರ ಇರಲ್ಲ. ರಾತ್ರಿ ಹತ್ತಾದ್ರೂ ಹೋಂವರ್ಕ್ ಮುಗಿಯಲ್ಲ. ಬಿಡಿಸಿದ್ರೆ ಮುಂದೆ ಹತ್ತನೇ ಕ್ಲಾಸಿನ ಕಥೆ ಏನು?

ಮೈಸೂರಿನ ಒಬ್ಬ ಅಮ್ಮ:
ನಾವು ಮಗಳನ್ನ ನಾಲ್ಕನೇ ಕ್ಲಾಸಲ್ಲಿ ಬಿಡಿಸಿದ್ವಿ, ಈಗ ಅವಳಿಗೆ ಹದಿಮೂರು. ಮೊದಲನೇ ತಪ್ಪು ನಂದೇ. ಹಾಲಲ್ಲಿ ಬೋರ್ಡ್ ನೇತುಹಾಕಿ, ಒಂಬತ್ತೂವರೆಗೆ ಗಣಿತ, ಹತ್ತೂಕಾಲಿಗೆ ಇಂಗ್ಲಿಷ್ ಅಂತ ಟೈಂಟೇಬಲ್ ಅಂಟಿಸಿದ್ದೆ. ಮೂರನೇ ವಾರ "ಅಮ್ಮ, ನಿನಗಿಂತ ಆ ಮಿಸ್ಸೇ ವಾಸಿ" ಅಂದ್ಲು. ಬೋರ್ಡ್ ಅಟ್ಟ ಸೇರ್ತು. ಆಮೇಲೆ ಎರಡು ತಿಂಗಳು ಏನೂ ಓದಿಸಲಿಲ್ಲ. (ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದೂ ಆಗಲೇ.)

ಒಂದಿನ ದೇವರಾಜ ಮಾರ್ಕೆಟ್ಟಲ್ಲಿ ಕಾಲು ಕೆಜಿ ಬೀನ್ಸು, ಅರ್ಧ ಕೆಜಿ ಟೊಮೆಟೊ, ಮುಕ್ಕಾಲು ಕೆಜಿ ಈರುಳ್ಳಿ ತಗೊಂಡ್ವಿ. ಚೀಲ ಹಿಡಿದೋಳೇ "ಮುಕ್ಕಾಲಿಗೆ ಕಾಲು ಸೇರಿದ್ರೆ ಒಂದು, ಒಟ್ಟು ಒಂದೂವರೆ" ಅಂದ್ಲು. ಸ್ಕೂಲಲ್ಲಿ ಒನ್ ಬೈ ಫೋರ್ ಅಂದ್ರೆ ಅಳ್ತಿದ್ದ ಹುಡುಗಿ! ಹಾಗಂತ ಎಲ್ಲಾ ಹೀಗೇ ತಾನಾಗೇ ಬರುತ್ತೆ ಅಂದ್ಕೋಬೇಡಿ. ಮಗ್ಗಿ ಬಾಯಿಪಾಠಾನೇ ಮಾಡಿಸಿದ್ದು. ನಾನು ಕೆಲಸ ಬಿಟ್ಟೆ, ಒಂದೇ ಸಂಬಳದಲ್ಲಿ ಇದ್ದೀವಿ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಶಿವಮೊಗ್ಗದ ಒಬ್ಬ ಅಪ್ಪ:
ನಮ್ಮದು ಉಲ್ಟಾ ಕಥೆ, ಒಂದೂವರೆ ವರ್ಷಕ್ಕೆ ಕೈಬಿಟ್ವಿ. ಪಾಠಕ್ಕೇನೂ ತೊಂದರೆ ಆಗಲಿಲ್ಲ. ಆದ್ರೆ ಸಂಜೆ ನಾಲ್ಕರವರೆಗೂ ಬೀದೀಲಿ ಒಬ್ಬ ಹುಡುಗನೂ ಇರಲ್ಲ, ನನ್ನ ಮಗ ಗೇಟಿಗೆ ಗಲ್ಲ ಆನಿಸಿ ನಿಂತಿರೋನು. ಕೊನೆಗೆ ಸರ್ಕಾರಿ ಶಾಲೆಗೆ ಸೇರಿಸಿದ್ವಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14ರ ಮಕ್ಕಳನ್ನ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸ್ಕೋಬೇಕು, ಹಾಗಾಗಿ ವರ್ಷ ಹಾಳಾಗಲಿಲ್ಲ. ಹಳೇ ಸ್ಕೂಲು ಟಿಸಿ ಕೊಡೋಕೆ ತಿಂಗಳುಗಟ್ಟಲೆ ಸತಾಯಿಸ್ತು. ಟಿಸಿ ತಡ ಆಯ್ತು ಅಂತ ಹೊಸ ಶಾಲೆ ಸೇರಿಸ್ಕೊಳ್ಳದೇ ಇರೋ ಹಾಗಿಲ್ಲ, ಅದೂ ಅದೇ ಕಾಯ್ದೇಲಿದೆ. ಆದ್ರೂ ಬಿಡಿಸೋ ದಿನಾನೇ ಈಸ್ಕೊಂಡುಬಿಡಿ.

ಬೆಂಗಳೂರಿಂದ ಇನ್ನೊಬ್ಬರು:
ಹತ್ತನೇ ಕ್ಲಾಸಿಗೆ ಎನ್‌ಐಓಎಸ್ ಇದೆ, ಕೇಂದ್ರ ಸರ್ಕಾರದ ಮುಕ್ತ ಶಾಲೆ. 14 ತುಂಬಿರಬೇಕು, ಐದು ವಿಷಯ. ಎಲ್ಲಾ ಒಂದೇ ಸಲ ಬರೀಬೇಕಿಲ್ಲ, ನೋಂದಣಿ ಐದು ವರ್ಷ ಇರುತ್ತೆ. ನನ್ನ ಮಗಳು ಮೂರು ವಿಷಯ ಏಪ್ರಿಲಲ್ಲಿ, ಎರಡು ಅಕ್ಟೋಬರಲ್ಲಿ ಬರೆದ್ಲು. ಪಿಯು ಸೇರಿಸೋಕೆ ಹೋದಾಗ ಗುಮಾಸ್ತರು ಅಂಕಪಟ್ಟಿ ತಿರುಗಿಸಿ ಮುರುಗಿಸಿ "ಇದ್ಯಾವ ಬೋರ್ಡ್ ಮೇಡಂ?" ಅಂದ್ರು. ಒಂದು ವಾರ ಓಡಾಟ, ಸೀಟ್ ಸಿಕ್ತು.

ಮತ್ತೆ ಮೈಸೂರಿನ ಅಮ್ಮ:
ಒಂದು ಮಾತು ಮರೆತೆ. ಹೊಟ್ಟೆನೋವು ಸ್ಕೂಲಿಂದಲೋ ವ್ಯಾನಿಂದಲೋ ಮೊದಲು ನೋಡಿ. ನಮ್ಮಕ್ಕನ ಮಗನದ್ದೂ ಇದೇ ಕಥೆ, ವ್ಯಾನಲ್ಲಿ ದೊಡ್ಡ ಹುಡುಗರು ದಿನಾ ಡಬ್ಬಿ ಕಿತ್ಕೊಳ್ತಿದ್ರಂತೆ. ಅವರಪ್ಪ ಸ್ಕೂಟರಲ್ಲಿ ಬಿಡೋಕೆ ಶುರು ಮಾಡಿದ್ಮೇಲೆ ನೋವೂ ಇಲ್ಲ, ಏನೂ ಇಲ್ಲ.