ಹಳೆಯ ಆಸ್ಟ್ರೊಲೇಬ್: ಅಳತೆಯ ಯಂತ್ರವೋ, ಬರೀ ಅಲಂಕಾರದ ವಸ್ತುವೋ?

ಪ್ರಶ್ನೆ:
ಮನೆಯ ಹಿರಿಯರಿಂದ ನನಗೆ ಹಿತ್ತಾಳೆಯ ಆಸ್ಟ್ರೊಲೇಬ್ (ಸೂರ್ಯ, ನಕ್ಷತ್ರಗಳ ಎತ್ತರವನ್ನು ಅಳೆಯುವ ಹಳೆಯ ಯಂತ್ರ) ಒಂದು ಬಂದಿದೆ. ತಟ್ಟೆಯಂಥ ಒಡಲೊಳಗೆ ಎರಡು ಫಲಕಗಳು, ಅವುಗಳ ಮೇಲೆ ತಿರುಗುವ ಜಾಲರಿ, ಹಿಂಬದಿಯಲ್ಲಿ ಸಣ್ಣ ತೂತುಗಳಿರುವ ತಿರುಗುಪಟ್ಟಿ ಇವೆ. ಇದು ನಿಜವಾಗಿ ಆಕಾಶವನ್ನು ಅಳೆಯಲು ಮಾಡಿದ್ದೇ ಎಂಬುದನ್ನು ಬಿಚ್ಚದೆಯೇ ತಿಳಿಯಬಹುದೇ? ಉಜ್ಜಿ ಹೊಳಪು ಕೊಡಬಹುದೇ?

ಉತ್ತರ 1:
ಕೆತ್ತನೆಯ ಅಂದಕ್ಕೆ ಮರುಳಾಗದೆ ಮೊದಲು ಸ್ಕೇಲು ಹಿಡಿಯಿರಿ. ಫಲಕದ ಮೇಲೆ ಒಂದೇ ಕೇಂದ್ರದ ಮೂರು ವೃತ್ತಗಳಿರಬೇಕು: ಹೊರಗಿನದು ಮಕರ, ನಡುವಿನದು ವಿಷುವ (ಆಕಾಶದ ಸಮಭಾಜಕ), ಒಳಗಿನದು ಕರ್ಕಾಟಕ. ಮಕರ ವೃತ್ತದ ತ್ರಿಜ್ಯವನ್ನು 100 ಎಂದುಕೊಂಡರೆ ಉಳಿದೆರಡು ಸುಮಾರು 66 ಮತ್ತು 43 ಬರಬೇಕು. ಆಕಾಶಗೋಲವನ್ನು ದಕ್ಷಿಣ ಧ್ರುವದಿಂದ ಸಮತಲಕ್ಕೆ ಇಳಿಸಿದಾಗ ಭೂಮಿಯ 23.5 ಡಿಗ್ರಿ ವಾಲುವಿಕೆಯಿಂದಲೇ ಈ ಅನುಪಾತ ಹುಟ್ಟುತ್ತದೆ. ಜಾಲರಿಯಲ್ಲಿರುವ ರಾಶಿಗಳ ಉಂಗುರವನ್ನೂ ನೋಡಿ. ಮಕರದ ಕಡೆ ಮನೆಗಳು ಅಗಲವಾಗಿಯೂ ಕರ್ಕಾಟಕದ ಕಡೆ ಇಕ್ಕಟ್ಟಾಗಿಯೂ ಇರಬೇಕು. ಹನ್ನೆರಡೂ ಸಮನಾಗಿದ್ದರೆ ಅದು ಗೋಡೆಗೆ ತೂಗುಹಾಕುವ ವಸ್ತು.

ಫಲಕಗಳು ಒಂದಕ್ಕಿಂತ ಹೆಚ್ಚಿರುವುದು ಬೇರೆ ಬೇರೆ ಅಕ್ಷಾಂಶಗಳಿಗಾಗಿ. ವಿಷುವ ವೃತ್ತವು ಮಧ್ಯಾಹ್ನರೇಖೆಯನ್ನು (ಉತ್ತರ-ದಕ್ಷಿಣದ ನಡುಗೆರೆ) ದಾಟುವಲ್ಲಿರುವ ಉನ್ನತಾಂಶವನ್ನು (ದಿಗಂತದಿಂದ ಎಷ್ಟು ಡಿಗ್ರಿ ಎತ್ತರ ಎಂಬುದು) 90ರಿಂದ ಕಳೆದರೆ ಆ ಫಲಕದ ಅಕ್ಷಾಂಶ ಸಿಗುತ್ತದೆ.

ಉತ್ತರ 2:
ಖಂಡಿತ ಉಜ್ಜಬೇಡಿ. ಡಿಗ್ರಿಯ ಗೆರೆಗಳು ಕೂದಲೆಳೆಯಷ್ಟು ತೆಳು, ಪಾಲಿಷ್ ಮೊದಲು ಅಳಿಸುವುದು ಅವನ್ನೇ. ಒಣ ಮೆತ್ತನೆಯ ಬಟ್ಟೆ ಸಾಕು.

ಜಾಲರಿಯ ಮುಳ್ಳುಗಳು ಸ್ವಾತಿ, ಅಭಿಜಿತ್, ರೋಹಿಣಿಯಂಥ ನಕ್ಷತ್ರಗಳನ್ನು ತೋರಿಸುತ್ತವೆ. ಅಯನಚಲನೆಯಿಂದ (ಭೂಮಿಯ ಅಕ್ಷದ ನಿಧಾನ ತಿರುಗುವಿಕೆ) ಅವುಗಳ ಸ್ಥಾನ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ ಸರಿಯುವುದರಿಂದ ಯಂತ್ರದ ವಯಸ್ಸನ್ನು ಲೆಕ್ಕ ಹಾಕಬಹುದೆಂದು ಹಲವರು ಹೇಳುತ್ತಾರೆ, ಆದರೆ ನನಗೆ ಅದರಲ್ಲಿ ಅಷ್ಟು ಭರವಸೆಯಿಲ್ಲ. ಕೇಂದ್ರದಿಂದ 60 ಮಿ.ಮೀ. ದೂರದಲ್ಲಿ ಒಂದು ಡಿಗ್ರಿ ಎಂದರೆ ಬರೀ ಒಂದು ಮಿ.ಮೀ.; ತುಸು ಬಾಗಿದ ಮುಳ್ಳು ಒಂದು ಶತಮಾನವನ್ನೇ ನುಂಗಬಲ್ಲದು. ಹಳೆಯ ಪಟ್ಟಿಯನ್ನೇ ನೋಡಿ ಕೆತ್ತಿದವರೂ ಇದ್ದರು. 16 ಮತ್ತು 17ನೇ ಶತಮಾನಗಳಲ್ಲಿ ತಲೆಮಾರುಗಳಿಂದ ಇದೇ ಕಸುಬು ಮಾಡಿದ ಲಾಹೋರಿನ ಮನೆತನದವರಂತೆ ಹೆಸರು, ಇಸವಿಗಳನ್ನು ಕೆತ್ತಿದ್ದರೆ ಅದನ್ನು ಮೊದಲು ಓದಿಸಿ. ನಾಗರಿ ಲಿಪಿಯಿದ್ದರೆ ಅದು ಸಂಸ್ಕೃತದಲ್ಲಿ ‘ಯಂತ್ರರಾಜ’ ಎಂದು ಕರೆಯುವ ಆಸ್ಟ್ರೊಲೇಬ್ ಪರಂಪರೆಯದಿರಬಹುದು. ಜೈನ ಪಂಡಿತ ಮಹೇಂದ್ರ ಸೂರಿಯವರು ಅದೇ ಹೆಸರಿನ ಗ್ರಂಥವನ್ನು 1370ರಲ್ಲಿ ರಚಿಸಿದರು.

ಪ್ರಶ್ನೆ ಕೇಳಿದವರು:
ಅಳೆದೆ. ಮಕರ 62 ಮಿ.ಮೀ., ವಿಷುವ 41, ಕರ್ಕಾಟಕ 27. ರಾಶಿಗಳ ಮನೆಗಳೂ ಅಸಮವಾಗಿವೆ. ಆದರೆ ನಡುಹಗಲಿನಲ್ಲಿ ತೂಗುಬಿಟ್ಟು ಸೂರ್ಯನ ಎತ್ತರ ನೋಡಿದರೆ ಲೆಕ್ಕಕ್ಕಿಂತ ಎರಡು ಡಿಗ್ರಿ ಕಡಿಮೆ ಬರುತ್ತಿದೆ.

ಉತ್ತರ 1 ಬರೆದವರು:
ತೂತಿನ ಮೂಲಕ ಸೂರ್ಯನನ್ನು ನೋಡಲೇಬೇಡಿ. ಮೇಲಿನ ತೂತಿನ ಬೆಳಕಿನ ಚುಕ್ಕೆ ಕೆಳಗಿನ ತೂತಿನ ಮೇಲೆ ಬೀಳುವಂತೆ ಪಟ್ಟಿಯನ್ನು ತಿರುಗಿಸಿ. ಹಿಂಬದಿಯ ಮೇಲರ್ಧದಲ್ಲಿ ಎಡಕ್ಕೂ ಬಲಕ್ಕೂ ಡಿಗ್ರಿಗಳಿದ್ದರೆ, ಯಂತ್ರವನ್ನು ಹಿಂದುಮುಂದಾಗಿಸಿ ಕೂಡಲೇ ಇನ್ನೊಮ್ಮೆ ಅಳೆದು ಎರಡರ ಸರಾಸರಿ ತೆಗೆಯಿರಿ. ಎರಡನೆಯ ಸಲ ಎರಡು ಡಿಗ್ರಿ ಹೆಚ್ಚು ಬಂದರೆ ದೋಷ ಕೆತ್ತನೆಯದಲ್ಲ, ಬಹುಶಃ ತೂಗುವ ಕೊಂಡಿಯದು.

ಪ್ರಶ್ನೆ ಕೇಳಿದವರು:
ಹೆಚ್ಚೇ ಬಂತು. ಕೊಂಡಿ ಒಂದು ಪಕ್ಕಕ್ಕೆ ಸವೆದಿರುವುದು ಈಗ ಕಣ್ಣಿಗೂ ಕಾಣುತ್ತಿದೆ.