ಬಿದರಿ, ರೇಷ್ಮೆ, ಅರಗು, ಚಿನ್ನದ ರೇಕು: ಇವುಗಳ ಹೊಳಪಿಗೆ ಇಂಗ್ಲಿಷಿನ ಯಾವ ಪದ ಸರಿ?

ಪ್ರಶ್ನೆ

ಕರಕುಶಲ ವಸ್ತುಗಳ ಸಣ್ಣ ಪ್ರದರ್ಶನವೊಂದಕ್ಕೆ ಇಂಗ್ಲಿಷಿನಲ್ಲಿ ವಿವರಣೆಯ ಫಲಕಗಳನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಬಿದರಿ ಕೆಲಸದ ಹೂಜಿ, ಮೈಸೂರು ರೇಷ್ಮೆ ಸೀರೆ, ಚನ್ನಪಟ್ಟಣದ ಬೊಂಬೆಗಳು ಮತ್ತು ಚಿನ್ನದ ರೇಕು ಅಂಟಿಸಿದ ಮೈಸೂರು ಶೈಲಿಯ ಚಿತ್ರ ಅಲ್ಲಿರುತ್ತವೆ. ನಿಘಂಟು ತೆರೆದರೆ ‘ಗ್ಲೋ’, ‘ಗ್ಲೀಮ್’, ‘ಗ್ಲಿಂಟ್’, ‘ಗ್ಲಿಟರ್’, ‘ಗ್ಲಿಸನ್’, ‘ಶಿಮರ್’, ‘ಸ್ಪಾರ್ಕಲ್’, ‘ಶೀನ್’, ‘ಲಸ್ಟರ್’ ಎಲ್ಲಕ್ಕೂ ಹೊಳಪು, ಮಿನುಗು, ಕಾಂತಿ ಎಂಬ ಅರ್ಥಗಳೇ ಸರದಿಯಂತೆ ಬರುತ್ತವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಓದುವವರ ಮನಸ್ಸಿನಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಕುಶಲಕರ್ಮಿಗಳು ಗಂಟೆಗಟ್ಟಲೆ ತಿಕ್ಕಿ, ಉಜ್ಜಿ ತರಿಸಿದ ಮೆರುಗನ್ನು ‘ಶೈನಿಂಗ್’ ಎಂಬ ಒಂದೇ ಪದದಲ್ಲಿ ಮುಗಿಸಿಬಿಡಲು ನನಗೆ ಮನಸ್ಸಿಲ್ಲ.

ಉತ್ತರ 1

ಪದಗಳ ಪಟ್ಟಿಯನ್ನು ಬದಿಗಿಟ್ಟು ಮೊದಲು ಬೆಳಕನ್ನೇ ನೋಡಿ. ಬೆಳಕು ವಸ್ತುವಿನ ಒಳಗಿಂದ ಬರುತ್ತಿದೆಯೋ, ಬೇರೆಡೆಯಿಂದ ಬಂದು ಅದರ ಮೇಲೆ ಬಿದ್ದು ಮರಳುತ್ತಿದೆಯೋ, ಅದು ಸ್ಥಿರವಾಗಿದೆಯೋ ಅಥವಾ ಚೂರುಚೂರಾಗಿ ಒಡೆಯುತ್ತಿದೆಯೋ ಎಂಬುದನ್ನು ಗಮನಿಸಿದರೆ ಅರ್ಧ ಗೊಂದಲ ತಿಳಿಯಾಗುತ್ತದೆ. ‘ಗ್ಲೋ’ ಮೂಲತಃ ಒಳಗಿನ ಬೆಳಕಿಗೆ ಸಲ್ಲುವ ಪದ; ಜ್ವಾಲೆಯಿಲ್ಲದ ಕೆಂಡಕ್ಕೂ ಕುಲುಮೆಯಲ್ಲಿ ಕಾದ ಕಬ್ಬಿಣಕ್ಕೂ ಅದು ಒಪ್ಪುತ್ತದೆ. ‘ಗ್ಲೀಮ್’ ಎಂದರೆ ನುಣುಪಾದ ಮೈಯಿಂದ ಮರಳುವ, ಕದಲದ ಹೊಳಪು. ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆಯ ಕೊಡದಲ್ಲಿ ಕಾಣುವುದು ಅದೇ. ಕತ್ತಿಯ ಅಲಗೋ ಮೂಗುತಿಯ ಹರಳೋ ತಿರುಗಿದ ಕ್ಷಣದಲ್ಲಿ ಚಿಮ್ಮಿ ಮರೆಯಾಗುವ ಕಿಡಿ ‘ಗ್ಲಿಂಟ್’. ಅಂಥ ಕಿಡಿಗಳು ಒಂದರ ಹಿಂದೊಂದರಂತೆ ನೂರಾರು ಕಾಣಿಸಿಕೊಂಡರೆ ‘ಗ್ಲಿಟರ್’. ‘ಗ್ಲಿಸನ್’ ಎನ್ನಲು ತೇವ ಬೇಕು, ಅಥವಾ ಎಣ್ಣೆಯ ಪಸೆಯಾದರೂ ಇರಬೇಕು. ಮಳೆ ನಿಂತ ಮೇಲಿನ ಬಾಳೆಲೆ ಹಾಗೂ ಬೆವರಿದ ಹಣೆ ಅದಕ್ಕೆ ತಕ್ಕ ಉದಾಹರಣೆಗಳು.

ಇನ್ನು ನಿಮ್ಮ ಹೂಜಿಯ ವಿಚಾರ. ಬಿದರಿಯ ಮೈ ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದ ಲೋಹ. ಅದರ ಮೇಲೆ ಚಿತ್ತಾರ ಕೊರೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ, ನಯಗೊಳಿಸಿದ ಮೇಲೆ, ಬೀದರ್ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಸೇರಿದ ಮಿಶ್ರಣವನ್ನು ಬಿಸಿಯಾದ ಲೋಹಕ್ಕೆ ತಾಗಿಸುತ್ತಾರೆ. ಆಗ ಸತುವಿನ ಮಿಶ್ರಲೋಹ ಮಾತ್ರ ಗಾಢ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆಯೇ ಉಳಿಯುತ್ತದೆ. ಕೊನೆಗೆ ಸವರುವ ಎಣ್ಣೆ ಆ ಕಪ್ಪನ್ನು ಇನ್ನಷ್ಟು ದಟ್ಟವಾಗಿಸುತ್ತದೆ. ಬೆಳಕನ್ನು ನುಂಗುವ ಕಪ್ಪು ಪಕ್ಕದಲ್ಲಿರುವುದರಿಂದಲೇ ಬೆಳ್ಳಿ ಅಷ್ಟು ಎದ್ದು ಕಾಣುತ್ತದೆ ಎಂಬ ಕಾರಣಕ್ಕೆ, ಫಲಕದಲ್ಲಿ ಕಪ್ಪಿಗೆ ‘ಮ್ಯಾಟ್’ ಎಂದೂ ಬೆಳ್ಳಿಗೆ ‘ಗ್ಲೀಮ್’ ಎಂದೂ ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ‘ಗ್ಲಿಟರ್’ ಎಂದು ಮಾತ್ರ ಬರೆಯಬೇಡಿ. ಓದಿದವರ ಕಣ್ಣಿಗೆ ಚಮಕಿ ಬರುತ್ತದೆ; ಮೇಲುಮೇಲಿನ ಆಡಂಬರದ ಛಾಯೆಯೂ ಆ ಪದಕ್ಕೆ ಅಂಟಿಕೊಂಡಿದೆ.

ಉತ್ತರ 2

ಮೇಲಿನ ಉತ್ತರದಲ್ಲಿ ‘ಶಿಮರ್’, ‘ಶೀನ್’, ‘ಲಸ್ಟರ್’ ಉಳಿದುಹೋಗಿವೆ. ಸೀರೆಗೂ ಬೊಂಬೆಗೂ ಬೇಕಾದವು ಅವೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ರೇಷ್ಮೆಯ ಎಳೆಯನ್ನು ಅಡ್ಡಲಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ದುಂಡಗಿರದೆ, ಮೂಲೆಗಳು ಮೊಂಡಾದ ತ್ರಿಕೋನದಂತಿರುತ್ತದೆ. ಆ ಚಪ್ಪಟೆ ಮುಖಗಳು ಬೆಳಕನ್ನು ಮರಳಿಸುವುದೇ ರೇಷ್ಮೆಯ ಕಾಂತಿಗೆ ಕಾರಣ. ಆದರೆ 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ರೇಷ್ಮೆ ಕಾರ್ಖಾನೆಯಿಂದ ಹೆಸರಾದ ಕ್ರೇಪ್ ಸೀರೆಗಳಲ್ಲಿ ನೂಲನ್ನು ಬಿಗಿಯಾಗಿ ಹುರಿಗೊಳಿಸಿ ನೇಯುವುದರಿಂದ, ಬೆಳಕು ಸ್ಯಾಟಿನ್ ಬಟ್ಟೆಯ ಮೇಲೆ ಜಾರುವಂತೆ ಜಾರದೆ, ಸಣ್ಣಗೆ ಚದುರಿ ಮೆದುವಾಗುತ್ತದೆ. ಈ ಮೆದು ಮೇಲ್ಮೈ ಹೊಳಪಿಗೆ ‘ಶೀನ್’ಗಿಂತ ಒಳ್ಳೆಯ ಪದವಿಲ್ಲ. ‘ಶಿಮರ್’ ಎನ್ನಲು ಚಲನೆ ಬೇಕು. ಮಡಿಸಿಟ್ಟ ಸೀರೆಯ ಒಡಲು ‘ಶಿಮರ್’ ಆಗದು. ಅದರ ಜರಿಯಂಚು ಮಾತ್ರ, ನೋಡುಗರು ಮುಂದೆ ನಡೆದುಹೋಗುವಾಗ ಕಣ್ಣಿನ ಕೋನ ಬದಲಾಗುವುದರಿಂದ, ಅಲೆಯಲೆಯಾಗಿ ಮಿನುಗುತ್ತದೆ. ಆದ್ದರಿಂದ ಒಡಲಿಗೆ ‘ಶೀನ್’, ಜರಿಗೆ ‘ಶಿಮರ್’ ಎಂದು ಹಂಚಿ ಬರೆಯಿರಿ.

ಚನ್ನಪಟ್ಟಣದಲ್ಲಿ ಲೇತಿನ ಮೇಲೆ ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿದ ಮೇಲೆ, ಕೇದಗೆ ಜಾತಿಯ ಗಿಡದ ಒಣಗಿದ ಗರಿಯಿಂದ ಒತ್ತಿ ಮೆರುಗು ಕೊಡುತ್ತಾರೆ. ಅಂಗಡಿಯ ವಿವರಣೆಗಳಲ್ಲಿ ಇದಕ್ಕೆ ‘ಗ್ಲಾಸಿ’ ಎಂದು ಬರೆಯುವುದುಂಟು. ಅದು ತಪ್ಪಲ್ಲ, ಆದರೆ ಪ್ಲಾಸ್ಟಿಕ್ಕಿಗೂ ಪತ್ರಿಕೆಯ ನುಣ್ಣನೆಯ ಹಾಳೆಗೂ ಅದೇ ಪದ ನಡೆಯುವುದರಿಂದ ಕೈಕೆಲಸದ ಸುಳಿವು ಅಳಿಸಿಹೋಗುತ್ತದೆ. ‘ಲಸ್ಟರ್’ ಎಂಬುದರಲ್ಲಿ ಒಂದು ಆಳವಿದೆ. ಖನಿಜಶಾಸ್ತ್ರಜ್ಞರು ಕಲ್ಲನ್ನು ಗುರುತಿಸುವಾಗ ಅದನ್ನೇ ಪಾರಿಭಾಷಿಕ ಪದವಾಗಿ ಬಳಸಿ, ಲೋಹದಂಥ, ಗಾಜಿನಂಥ, ಮುತ್ತಿನಂಥ, ರೇಷ್ಮೆಯಂಥ, ರಾಳದಂಥ ‘ಲಸ್ಟರ್’ ಎಂದು ವಿಂಗಡಿಸುತ್ತಾರೆ. ಬೊಂಬೆಗೆ ‘ಲಸ್ಟರ್’ ಎಂದು ಬರೆದು, ಅದು ಗರಿಯಿಂದ ತಿಕ್ಕಿ ತರಿಸಿದ್ದು ಎಂಬುದನ್ನೂ ಅದೇ ವಾಕ್ಯದಲ್ಲಿ ಸೇರಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಚಿತ್ರದ ಬಗ್ಗೆ ಒಂದು ಸಂದೇಹ ಉಳಿದಿದೆ. ಚಿನ್ನದ ರೇಕು ತಾನಾಗಿ ಬೆಳಗುವುದಿಲ್ಲ. ಹಾಗಿದ್ದರೆ ಅದಕ್ಕೆ ‘ಗ್ಲೋ’ ಎಂದು ಬರೆಯುವಂತಿಲ್ಲವೇ? ಮಂದ ಬೆಳಕಿನಲ್ಲಿ ನೋಡಿದಾಗ ನನಗೆ ತೋಚಿದ ಮೊದಲ ಪದ ಅದೇ ಆಗಿತ್ತು.

ಉತ್ತರ 3

ಧಾರಾಳವಾಗಿ ಬರೆಯಬಹುದು. ಮೊದಲ ಉತ್ತರದ ನಿಯಮ ಮೂಲಾರ್ಥಕ್ಕೆ ಸರಿಯಾದರೂ, ಬಳಕೆಯಲ್ಲಿ ‘ಗ್ಲೋ’ ಇನ್ನೂ ಹಿಗ್ಗಿದೆ. ಬೆಚ್ಚಗಿನ ಬಣ್ಣವೊಂದು ಮರಳಿಸಿದ ಬೆಳಕು ಒಳಗಿಂದಲೇ ಬಂದಂತೆ ತೋರಿದರೆ, ಸಂಜೆಬಿಸಿಲಿನ ಗೋಡೆಗೂ ಆರೋಗ್ಯವಂತರ ಮುಖಕ್ಕೂ ಇಂಗ್ಲಿಷಿನವರು ಆ ಪದವನ್ನು ಸಹಜವಾಗಿ ಬಳಸುತ್ತಾರೆ. ಮೈಸೂರು ಶೈಲಿಯಲ್ಲಿ ಗೆಸ್ಸೊ ಎನ್ನುವ ಬಿಳಿಯ ಲೇಪದ ಉಬ್ಬು ಬಹಳ ತೆಳುವಾಗಿರುತ್ತದೆ, ಅದರ ಮೇಲೆ ರೇಕು ಕೂರುತ್ತದೆ. ಉಬ್ಬು ಕಡಿಮೆಯಾದ್ದರಿಂದ ಬೆಳಕು ಕಿಡಿಗಳಾಗಿ ಒಡೆಯದೆ ಹರಡಿಕೊಳ್ಳುತ್ತದೆ, ಆದ್ದರಿಂದ ನಿಮ್ಮ ಕಣ್ಣು ಆರಿಸಿದ ಪದ ಸರಿಯಾಗಿದೆ. ಉಬ್ಬು ದಪ್ಪವಾಗಿದ್ದು, ಹರಳು ಮತ್ತು ಗಾಜಿನ ಚೂರುಗಳನ್ನೂ ಕೂರಿಸುವ ತಂಜಾವೂರು ಚಿತ್ರವಾಗಿದ್ದರೆ ನಾನು ‘ಸ್ಪಾರ್ಕಲ್’ ಎನ್ನುತ್ತಿದ್ದೆ.

ಈ ಪದಗಳು ನಮ್ಮನ್ನು ಇಷ್ಟೊಂದು ಗೊಂದಲಗೊಳಿಸುವುದಕ್ಕೆ ಅವುಗಳ ಧ್ವನಿಯೂ ಕಾರಣ. ಇಂಗ್ಲಿಷಿನಲ್ಲಿ ‘ಗ್ಲ’ ಎಂಬ ಸದ್ದಿನಿಂದ ಶುರುವಾಗುವ ಬೆಳಕಿನ ಪದಗಳದೇ ಒಂದು ದೊಡ್ಡ ಬಳಗವಿದೆ. ಹೀಗೆ ಒಂದೇ ಧ್ವನಿಗುಚ್ಛ ಒಂದೇ ಬಗೆಯ ಅರ್ಥದೊಡನೆ ಮತ್ತೆ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1930ರಲ್ಲಿ ‘ಫೋನಿಸ್ಥೀಮ್’ ಎಂಬ ಹೆಸರನ್ನೇ ಕೊಟ್ಟರು. ಥಳಥಳ, ಫಳಫಳ, ಮಿಣಮಿಣ, ಝಗಝಗ ಎಂಬ ನಮ್ಮ ಅನುಕರಣಾವ್ಯಯಗಳಲ್ಲಿ ಸದ್ದೇ ಬೆಳಕಿನ ಬಗೆಯನ್ನು ಹೇಳುತ್ತದಲ್ಲವೇ? ಮಿಣಮಿಣ ಎಂದಾಗ ದೊಡ್ಡ ದೀಪ ಯಾರ ಕಣ್ಣಿಗೂ ಬರುವುದಿಲ್ಲ. ಹೀಗಾಗಿ ವಸ್ತುವನ್ನು ನೋಡಿ ಮೊದಲು ಕನ್ನಡದಲ್ಲಿ ಯಾವ ಅನುಕರಣ ಪದ ಬಾಯಿಗೆ ಬರುತ್ತದೆ ಎಂದು ಗಮನಿಸಿ, ಆಮೇಲೆ ಇಂಗ್ಲಿಷಿನದನ್ನು ಹುಡುಕುವುದು ಒಳ್ಳೆಯ ದಾರಿ. ಥಳಥಳಕ್ಕೆ ಬಹುತೇಕ ‘ಗ್ಲೀಮ್’ ಹೊಂದುತ್ತದೆ, ಮಿಣಮಿಣಕ್ಕೆ ‘ಟ್ವಿಂಕಲ್’ ಅಥವಾ ‘ಗ್ಲಿಮರ್’.

ಇನ್ನೊಂದು ಮಾತು. ಫಲಕಗಳನ್ನು ಅಚ್ಚಿಗೆ ಕೊಡುವ ಮುನ್ನ, ವಸ್ತುಗಳನ್ನು ಪ್ರದರ್ಶನದ ದೀಪಗಳ ಕೆಳಗೆ, ಗಾಜಿನ ಪೆಟ್ಟಿಗೆಯೊಳಗೆ ಇಟ್ಟು ಒಮ್ಮೆ ನೋಡಿ. ದೀಪ ನೇರವಾಗಿ ಗಾಜಿಗೆ ಬಡಿದರೆ ನೋಡುಗರಿಗೆ ಸಿಗುವುದು ಕಣ್ಣು ಕುಕ್ಕುವ ‘ಗ್ಲೇರ್’ ಮಾತ್ರ. ಅದರ ಹಿಂದೆ ಬಿದರಿಯ ಕಪ್ಪೂ ಬೆಳ್ಳಿಯೂ ಒಂದೇ ಆಗಿಬಿಡುತ್ತವೆ. ದೀಪವನ್ನು ಓರೆಗೆ ಸರಿಸಲು ಆಯೋಜಕರಿಗೆ ಈಗಲೇ ಹೇಳಿಡಿ.